ಸಂಚಿ ಇರುವುದು, ಸಂಚಿ ಇಲ್ಲದ್ದು

3 ನವೆಂಬರ್ 2025, ಸೋಮವಾರ

ಎಸ್ಸೆಸ್ಸೆಲ್ಸಿ ಪಾಸು ಮಾಡಿದವಳು ನಾನು. ಮನೆಯ ಲೆಕ್ಕ ಬರೆದಿದ್ದೇನೆ, ಊರವರ ಅರ್ಜಿ ಬರೆದುಕೊಟ್ಟಿದ್ದೇನೆ. ನನಗೆ ನಾನೇ ಏನನ್ನೂ ಬರೆದುಕೊಂಡವಳಲ್ಲ. ಇವತ್ತು ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ.

ಬೆಳಿಗ್ಗೆ ಮಗ ಚೇತನ್‌ಕುಮಾರ್ ಅರಸೀಕೆರೆ ಮಾರುಕಟ್ಟೆಗೆ ಹೊರಟ. ಸೊಸೆ ಮೀನಾಕ್ಷಿ ಡೈರಿಗೆ ಹಾಲು ಹಾಕಲು ಹೋದಳು. ಅಟ್ಟದಲ್ಲಿ ಕೊಬ್ಬರಿಗೆಂದು ಕೂಡಿಟ್ಟ ಕಾಯಿಗಳಲ್ಲಿ ಯಾವುದೋ ಕೊಳೆತ ವಾಸನೆ ಬರುತ್ತಿತ್ತು. ಏಣಿ ಹತ್ತಿ ನೋಡಿದೆ. ರಾಶಿಯ ಮೇಲೆ ಅದು ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಬಾವಲಿ. ಸತ್ತಿದೆ ಅಂದುಕೊಂಡು ಸೆರಗು ಸುತ್ತಿ ಎತ್ತಿದೆ. ಎತ್ತಿದ್ದೇ ತಡ, ಹೆಬ್ಬೆರಳಿನ ಬುಡಕ್ಕೆ ಕಚ್ಚಿತು. ಕೊಡವಿದರೂ ಬಿಡಲಿಲ್ಲ. ಪಕ್ಕದ ಕಾಯಿ ತೆಗೆದು ಹೊಡೆದೆ.

ಹಿತ್ತಲಲ್ಲಿ ಹೂಳೋಣವೆಂದರೆ ಪಕ್ಕದ ಜಗಲಿಯಲ್ಲಿ ಹುಚ್ಚಮ್ಮ ರಾಗಿ ಕೇರುತ್ತಾ ಕೂತಿದ್ದಳು. ನನ್ನ ಕೈಯಲ್ಲಿ ಗುದ್ದಲಿ ಕಂಡರೆ ಸಾಕು ಅವಳಿಗೆ. ಅಟ್ಟದಲ್ಲೇ ಒಂದು ಹಳೆಯ ಉಪ್ಪಿನಕಾಯಿ ಜಾಡಿ ಇತ್ತು. ಕೆಳಗೆ ಕಲ್ಲುಪ್ಪು ಹಾಕಿ, ಅದನ್ನು ತುರುಕಿ, ಮೇಲೂ ಉಪ್ಪು ಮುಚ್ಚಿ, ರಾಶಿಯ ಹಿಂದೆ ಇಟ್ಟೆ. ಗಾಯಕ್ಕೆ ಅರಿಶಿನ ಮೆತ್ತಿದೆ. ಮೀನಾಕ್ಷಿ ಕೇಳಿದ್ದಕ್ಕೆ ಕುಡುಗೋಲು ತಾಗಿತು ಅಂದೆ.

ಹುಚ್ಚಮ್ಮ ನನ್ನ ವಾರಗಿತ್ತಿ, ಮೈದುನ ಲಕ್ಕಪ್ಪನ ಹೆಂಡತಿ. ಮಾವನವರು ತೀರಿಕೊಂಡ ಮೇಲೆ ಒಂದೇ ಮನೆಯ ನಡುವೆ ಗೋಡೆ ಎತ್ತಿ ಎರಡು ಮಾಡಿದ್ದು. ಹೋದ ವರ್ಷ ಆಷಾಢದಲ್ಲಿ ಅವಳ ಕಡೆಗೆ ಬಾವಲಿ ಹೊಕ್ಕಿತು. ಬಾವಲಿ ಹೊಕ್ಕ ಮನೆಯನ್ನು ಮೂರು ತಿಂಗಳು ಬಿಡಬೇಕು, ಬಾಗಿಲಿಗೆ ಜಾಲಿಮುಳ್ಳು ಹಾಕಬೇಕು. ನಮ್ಮ ಮನೆತನದಲ್ಲಿ ನಡೆದುಕೊಂಡು ಬಂದದ್ದು ಇದು. ಹಿರಿಯಳಾಗಿ ನಾನು ಹೇಳಿದೆ, ಅವರು ಬಿಟ್ಟರು. ತೋಟದ ಪಂಪಿನ ಮನೆಯಲ್ಲಿ ಮಳೆಗಾಲ ಕಳೆದರು. ಹೊರಡುವಾಗ ನಾನು ಒಂದು ಮಾತು ಆಡಿದ್ದೆ: “ನಡತೆ ನೆಟ್ಟಗಿರೋ ಮನೆಗೆ ಬಾವಲಿ ಬರಲ್ಲ ಕಣೇ.” ಅವತ್ತಿನಿಂದ ಹುಚ್ಚಮ್ಮ ನನ್ನನ್ನು ಅಕ್ಕ ಅಂದಿಲ್ಲ. ನೇರವಾಗಿ ಮಾತೂ ಇಲ್ಲ.

ಈಗ ನನ್ನ ಮನೆಗೆ ಬಂದಿದೆ.

ಗೋಡೆಯಾಚೆ ಅವಳ ಮೊಮ್ಮಗು ಕೆಮ್ಮುತ್ತಿದೆ. ಯಾವಾಗ ನೋಡಿದರೂ ಅದಕ್ಕೆ ಕೆಮ್ಮು. ನೆಟ್ಟಗೆ ನಾಲ್ಕು ಸಾಲು ಬರೆಯಲು ಬಿಡುವುದಿಲ್ಲ.

5 ನವೆಂಬರ್, ಬುಧವಾರ

ಚೇತನನ ಮಗಳು ಹೇಮಾಶ್ರೀ ಬಂದಿದ್ದಾಳೆ. ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಯಾವುದರ ಮೇಲೆ ಎಂದು ಕೇಳಿದವರಿಗೆಲ್ಲ ಪ್ರಾಣಿಶಾಸ್ತ್ರ ಎಂದಷ್ಟೇ ಹೇಳಿಕೊಂಡು ಬಂದಿದ್ದೇನೆ. ಬಾವಲಿ ಎಂದು ಬಾಯಲ್ಲಿ ಹೇಗೆ ಹೇಳಲಿ? ಹುಡುಗಿಗೆ ಬೇರೇನೂ ಸಿಗಲಿಲ್ಲವೇ ಎಂದು ಅವರು ಕೇಳುವುದಕ್ಕೆ ಮೊದಲೇ ನಾನು ಕೇಳಿಕೊಂಡಿದ್ದೇನೆ.

ಊಟಕ್ಕೆ ಕೂತಾಗ ಹೇಳಿದಳು, “ಅಜ್ಜಿ, ಬೇಲೂರು ಕಡೆ ಮುಗೀತು. ಹಳೇಬೀಡಿನ ಹತ್ರ ಒಂದು ಪಾಳುಮಂಟಪ ಇದೆ, ಅದರ ತುಂಬಾ ಇವೆ. ಈಗ ಒಂದು ತಿಂಗಳು ಇಲ್ಲೇ ಇದ್ದು ನಮ್ಮೂರಲ್ಲಿ ನೋಡ್ತೀನಿ.”

“ನಮ್ಮೂರಲ್ಲಿ ಇಲ್ಲ.”

“ಅಯ್ಯೋ, ನಮ್ಮ ಸೂರಲ್ಲೇ ಇವೆ! ಸಂಜೆ ನೋಡಿದೆ. ಎರಡೂ ಮನೆ ನಡುವೆ ಗೋಡೆ ಇದೆಯಲ್ಲ, ಅದು ಹೆಂಚಿನವರೆಗೂ ಹೋಗಿಲ್ಲ. ಮೇಲೆ ಗೇಣುದ್ದ ಸಂದು. ಅಲ್ಲಿಂದ ಸಾಲಾಗಿ ಹೊರಟ್ವು.”

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ. ಮೀನಾಕ್ಷಿ ನೀರು ಬಗ್ಗಿಸಿದಳು.

“ಎಂಥ ಬಾವಲಿ ಅವು?” ಎಂದು ಕೇಳಿದೆ. ದನಿ ಗಟ್ಟಿಯಾಗಿಯೇ ಇತ್ತು.

ಅವಳು ಒಂದು ಹೆಸರು ಹೇಳಿದಳು. ಟಫೋಝೋಸ್. ಎರಡು ಸಲ ಹೇಳಿಸಿ ಬರೆದುಕೊಂಡೆ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಗೋರಿಯಲ್ಲಿ ಬದುಕುವುದು ಎಂದು ಅರ್ಥವಂತೆ. ಯಾವುದೋ ದೇಶದಲ್ಲಿ ಹಳೆಯ ಅರಸರ ಗೋರಿಯೊಳಗೆ ಮೊದಲು ಕಂಡರಂತೆ, ಅದಕ್ಕೆ ಆ ಹೆಸರು. ಹೇಳಿ ನಕ್ಕಳು. ಮೊಸರನ್ನ ಕಲಸುತ್ತಾ ಗೋರಿ ಎಂದು ನಗುವ ಹುಡುಗಿಯನ್ನು ನಾನು ಇದೇ ಮೊದಲು ನೋಡಿದ್ದು.

ಗೋರಿಯ ಪ್ರಾಣಿ ನನ್ನ ಕಾಯಿಯ ರಾಶಿಯ ಮೇಲೆ ಬಿದ್ದಿತ್ತು. ನನ್ನನ್ನೇ ಹುಡುಕಿಕೊಂಡು ಬಂದಂತೆ.

6 ನವೆಂಬರ್, ಗುರುವಾರ

ನೇರವಾಗಿ ಕೇಳಲಿಲ್ಲ. ಅವಳ ಬಲೆ, ತೊಗಲಿನ ಕೈಗವಸು, ಅಳತೆಯ ಕಡ್ಡಿ ಎಲ್ಲ ಎತ್ತಿಡುವ ನೆಪದಲ್ಲಿ ಕೇಳಿದೆ, “ಇವು ನಿನ್ನನ್ನ ಕಚ್ಚಲ್ವೇನೇ?”

“ಕಚ್ತವೆ. ಅದಕ್ಕೇ ಗ್ಲೌಸು. ನಾನು ಮೊದಲೇ ಸೂಜಿ ಹಾಕಿಸ್ಕೊಂಡಿದೀನಿ, ಹುಚ್ಚುನಾಯಿದು.”

“ನಾಯಿದು ಯಾಕೆ?”

“ಬಾವಲಿ ಕಚ್ಚಿದ್ರೂ ಅದೇ ರೋಗ ಬರಬಹುದು ಅಜ್ಜಿ. ನಮ್ಮ ಕಡೆ ಬಂದಿದ್ದು ಕೇಳಿಲ್ಲ. ಆದ್ರೂ ಬಿಡೋ ಹಾಗಿಲ್ಲ. ಯಾಕಂದ್ರೆ ಒಂದು ಸಲ ಶುರುವಾಯ್ತೋ, ಮುಗೀತು. ಔಷಧಿ ಇಲ್ಲ. ಮೊದಲು ನೀರು ಕಂಡ್ರೆ ಭಯ ಆಗುತ್ತೆ, ಗಂಟಲು ಕಟ್ಟುತ್ತೆ.”

“ಎಷ್ಟು ದಿನಕ್ಕೆ?”

“ಹೇಳಕ್ಕಾಗಲ್ಲ. ವಾರಕ್ಕೂ ಬರಬಹುದು, ತಿಂಗಳುಗಟ್ಟಲೆ ಸುಮ್ಮನಿದ್ದೂ ಬರಬಹುದು. ಯಾಕೆ?”

“ನಿನಗೋಸ್ಕರ ಕೇಳಿದೆ.”

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅರಿಶಿನ ತೊಳೆದು ನೋಡಿದೆ. ಎರಡು ಚುಕ್ಕೆ. ನುಗ್ಗೆಬೀಜದಷ್ಟೂ ಇಲ್ಲ. ಸೋಪು ಹಾಕಿ ಉಜ್ಜಿದೆ. ಚರ್ಮ ಕೆಂಪಾಯಿತು, ಚುಕ್ಕೆ ಹೋಗಲಿಲ್ಲ.

ಹೇಳಬೇಕು. ಹೇಳಿದರೆ ಎಲ್ಲಿ ಕಚ್ಚಿತು ಎಂದು ಕೇಳುತ್ತಾರೆ. ಅಟ್ಟದಲ್ಲಿ ಎನ್ನಬೇಕು. ಅಟ್ಟವೆಂದರೆ ಮನೆ. ಸಂಜೆಯೊಳಗೆ ಹುಚ್ಚಮ್ಮನಿಗೆ ಗೊತ್ತಾಗುತ್ತದೆ. ಅವಳು ಏನೂ ಅನ್ನುವುದಿಲ್ಲ, ಜಗಲಿಯಲ್ಲಿ ಕೂತು ನಾವು ಯಾವಾಗ ಸಾಮಾನು ಕಟ್ಟುತ್ತೇವೆ ಎಂದು ನೋಡುತ್ತಾಳೆ. ಅದಕ್ಕಿಂತ...

ನಾಳೆ ಹೇಳುತ್ತೇನೆ.

ಒಂದು ಲೋಟ ನೀರು ಇಟ್ಟುಕೊಂಡು ನೋಡಿದೆ. ಭಯವಾಗಲಿಲ್ಲ. ಕುಡಿದೆ. ಇಳಿಯಿತು.

8 ನವೆಂಬರ್, ಶನಿವಾರ

ಹೇಳಲಿಲ್ಲ. ಹೇಳಬೇಕಾಗಿಲ್ಲದಿರಬಹುದು.

ಹೇಮಾ ಪಡಸಾಲೆಯಲ್ಲಿ ಚಿತ್ರ ಬರೆಯುತ್ತಾ ಕೂತಿದ್ದಳು. ರೆಕ್ಕೆಯ ಚಿತ್ರ. ಮಣಿಕಟ್ಟಿನ ಹತ್ತಿರ ಒಂದು ಪುಟ್ಟ ಗುಂಡಿ ತೋರಿಸಿ, “ಇದೇ ಅಜ್ಜಿ ನನ್ನ ಥೀಸಿಸ್ಸು” ಅಂದಳು. ಇವಕ್ಕೆ ರೆಕ್ಕೆಯಲ್ಲಿ ಚೀಲ ಇರುತ್ತದಂತೆ. ಸಣ್ಣದು, ಬಾಯಿ ಇರುವ ಚೀಲ. ನನ್ನ ಸೊಂಟದ ಎಲೆ ಅಡಿಕೆ ಸಂಚಿ ತೆಗೆದು, “ಹೀಗೋ?” ಅಂದೆ. “ಹೀಗೇ! ಸಂಚಿ ಬಾವಲಿ ಅಂತ ಹೆಸರಿಡಬಹುದು” ಎಂದು ಕುಣಿದಳು.

ಅವಳು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಈ ಕುಟುಂಬದಲ್ಲಿ ಹತ್ತಿರದ ಎರಡು ಬಗೆ. ಒಂದಕ್ಕೆ ರೆಕ್ಕೆಯಲ್ಲಿ ಸಂಚಿ ಇದೆ, ಅದು ಗೋರಿಯದ್ದು. ಇನ್ನೊಂದಕ್ಕೆ ಅಲ್ಲಿ ಸಂಚಿ ಇಲ್ಲ, ಕೆಳತುಟಿಯಲ್ಲಿ ಆಳವಾದ ಗೀರು ಇದೆ, ಅದು ಸಾಕೊಲೈಮಸ್. ಹಿಂದೆ ಪಂಡಿತರು ಎರಡನ್ನೂ ಒಂದೇ ಕುಲದಲ್ಲಿ ಇಟ್ಟಿದ್ದರು. ಆಮೇಲೆ ಒಳಗೇ ಒಂದು ಗೆರೆ ಎಳೆದರು. ಆಮೇಲೆ ಪೂರಾ ಬೇರೆ ಮಾಡಿದರು. ಈಗ ಅವು ಎರಡು ಕುಲ.

“ನಮ್ಮ ಮನೆ ಭಾಗ ಆದ ಹಾಗೆ” ಅಂದೆ.

“ಹೌದು, ಆದ್ರೆ ಇವುಗಳಿಗೆ ಭಾಗ ಆಗಿದ್ದು ಗೊತ್ತಿಲ್ಲ” ಅಂದಳು. ಚುರುಕು ನಾಲಿಗೆ. ಅವಳಜ್ಜನದ್ದು.

“ಸಂಚಿ ಇಲ್ಲದ್ದು ನಮ್ಮ ಕಡೆ ಇದೆಯೋ?”

“ಇರಬೇಕು. ಟೊಳ್ಳು ಮರದಲ್ಲಿ ಇರ್ತವೆ. ನನಗೆ ಇನ್ನೂ ಒಂದೂ ಸಿಕ್ಕಿಲ್ಲ. ಸಿಕ್ಕಿದ್ರೆ ನಮ್ಮ ಮೇಡಂ ನನ್ನ ಹೊತ್ಕೊಂಡು ಕುಣೀತಾರೆ.”

ಆಗಿನಿಂದ ಒಂದೇ ಯೋಚನೆ. ಹುಚ್ಚಮ್ಮನ ಮನೆ ಹೊಕ್ಕದ್ದು ಒಂದು ಕುಲ, ನನ್ನ ಅಟ್ಟಕ್ಕೆ ಬಿದ್ದದ್ದು ಇನ್ನೊಂದು ಕುಲ ಇರಬಹುದಲ್ಲ? ಆಗ ಅವಳಿಗೆ ಹೇಳಿದ ಶಾಸ್ತ್ರ ನನಗೆ ತಾಗುವುದಿಲ್ಲ. ಪಂಡಿತರೇ ಬೇರೆ ಮಾಡಿರುವಾಗ ನಾನು ಒಂದು ಮಾಡುವುದೇಕೆ?

ಈ ಹೊತ್ತು ಚೆನ್ನಾಗಿ ಊಟ ಮಾಡಿದೆ.

9 ನವೆಂಬರ್, ಭಾನುವಾರ

ನೀರು ಇಳಿಯಿತು. ಸ್ವಲ್ಪ ತಡೆದ ಹಾಗೆ ಅನ್ನಿಸಿತು. ಮತ್ತೆ ಕುಡಿದೆ. ಇಳಿಯಿತು.

ಹೆಬ್ಬೆರಳಿನ ಬುಡ ಜುಮ್ಮೆನ್ನುತ್ತದೆ. ಉಜ್ಜಿದ್ದಕ್ಕೆ ಇರಬೇಕು.

11 ನವೆಂಬರ್, ಮಂಗಳವಾರ

ಎಲ್ಲರೂ ಹೊರಗೆ ಹೋದದ್ದು ನೋಡಿ, ಹೇಮಾಳ ಭೂತಗನ್ನಡಿ ತೆಗೆದುಕೊಂಡು ಅಟ್ಟ ಹತ್ತಿದೆ. ಜಾಡಿಯನ್ನು ರಾಶಿಯ ಹಿಂದಿನಿಂದ ಎಳೆದುಕೊಂಡೆ. ಸತ್ತದ್ದಕ್ಕೆ ಹೆದರುವವಳಲ್ಲ ನಾನು. ಗಂಡನನ್ನೂ ಅತ್ತೆಯನ್ನೂ ನಾನೇ ತೊಳೆದು ಕಳಿಸಿದವಳು. ಆದರೂ ಮುಚ್ಚಳವನ್ನು ಮುಖ ತಿರುಗಿಸಿಕೊಂಡೇ ತೆಗೆದೆ.

ಉಪ್ಪು ನೀರೊಡೆದು ಕಂದು ಬಣ್ಣಕ್ಕೆ ತಿರುಗಿತ್ತು. ಅದು ಒಣಗಿದ ಬಾಳೆಎಲೆಯ ಹಾಗೆ ಮಡಿಸಿಕೊಂಡಿತ್ತು. ಕೆಳತುಟಿ ನೋಡಿದೆ. ಗೀರು ಕಾಣಲಿಲ್ಲ. ರೆಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ಮಣಿಕಟ್ಟಿನ ಹತ್ತಿರ ಕನ್ನಡಿ ಹಿಡಿದೆ.

ಸಂಚಿ ಇದೆ. ಅದರ ಬಾಯಲ್ಲಿ ಒಂದು ಉಪ್ಪಿನ ಹರಳು ಕೂತಿತ್ತು.

ಅದರ ಮುಖವನ್ನೂ ನೋಡಿದೆ. ಅವತ್ತು ನೋಡಿರಲಿಲ್ಲ. ಕಣ್ಣು ದೊಡ್ಡವು. ಹಲ್ಲು ಸಣ್ಣ ಮಗುವಿಗೆ ಮೊದಲು ಬರುವಂಥವು. ನಾನು ಹೊಡೆದ ಕಡೆ ತಲೆ ತಗ್ಗಾಗಿತ್ತು. ಮುಚ್ಚುವಾಗ ಹೊಸ ಉಪ್ಪು ಹಾಕಿದೆ.

ಆಗಲಿ. ನನ್ನದಕ್ಕೆ ಸಂಚಿ ಇದೆ ಎಂದರೆ ಅವಳದಕ್ಕೆ ಇರಲಿಲ್ಲ ಎನ್ನಬಹುದು. ಹೋದ ವರ್ಷದ್ದನ್ನು ಈಗ ಯಾರು ತಂದು ತೋರಿಸುತ್ತಾರೆ?

ಕೂಸಿನ ಕೆಮ್ಮು ಮಧ್ಯಾಹ್ನ ಜೋರಾಗಿತ್ತು. ಬಜೆ ತೇಯ್ದು ನೆಕ್ಕಿಸುತ್ತಾರೋ ಇಲ್ಲವೋ.

13 ನವೆಂಬರ್, ಗುರುವಾರ

ನನಗೆ ಹೇಳದೆ ಹೇಮಾ ಹುಚ್ಚಮ್ಮನ ಮನೆಗೆ ಹೋಗಿ ಬಲೆ ಕಟ್ಟಿದ್ದಾಳೆ. ಅವರ ಕಡೆಯ ಸಂದಿನಿಂದ ಹೊರಟ ಒಂದು ಬಲೆಗೆ ಸಿಕ್ಕಿತು. ಬಟ್ಟೆಯ ಚೀಲದಲ್ಲಿ ಅದನ್ನು ಹಿಡಿದು ನನ್ನ ಅಂಗಳಕ್ಕೇ ಬಂದಳು. ಹಿಂದೆ ಹುಚ್ಚಮ್ಮ, ಕಂಕುಳಲ್ಲಿ ಕೂಸು. ಮನೆ ಬಿಟ್ಟ ಮೇಲೆ ಅವಳು ನನ್ನ ಅಂಗಳ ತುಳಿದದ್ದು ಇದೇ ಮೊದಲು.

“ಅಜ್ಜಿ, ನೋಡು, ಸಂಚಿ!” ಹೇಮಾ ರೆಕ್ಕೆ ಬಿಡಿಸಿ ಹಿಡಿದಳು.

ಹುಚ್ಚಮ್ಮ ನನ್ನ ಕಡೆ ನೋಡದೆ ಹೇಮಾಳನ್ನೇ ಕೇಳಿದಳು, “ಅದೇನು ತಿನ್ತದೆ ಮಗ?”

“ಹುಳ, ದುಂಬಿ. ಹಣ್ಣು ಮುಟ್ಟಲ್ಲ. ಆಲದ ಮರದಲ್ಲಿ ನೇತಾಡ್ತವಲ್ಲ ದೊಡ್ಡವು, ಅವಕ್ಕೂ ಇದಕ್ಕೂ ಬಹಳ ದೂರ.”

“ದೊಡ್ಡೋವು ತಾನೆ ಬಾವಲಿ ಅನ್ನೋದು? ಮನೆ ಬಿಡ್ಸೋದು ಅವು ತಾನೆ? ನಿಮ್ಮಜ್ಜೀನ ಒಂಚೂರು ಕೇಳು ಮಗ. ಓದ್ದೋರು. ನಮ್ಮನೆಗೆ ಬಂದಿದ್ದು ದೊಡ್ಡೋವಾ, ಸಣ್ಣೋವಾ? ಮೂರು ತಿಂಗಳು ಪಂಪಿನ ಮನೇಲಿ ಕಪ್ಪೆ ಜೊತೆ ಸಂಸಾರ ಮಾಡಿದ್ದೀವಿ, ಯಾವುದಕ್ಕೆ ಮಾಡಿದ್ವಿ ಅಂತಾದ್ರೂ ತಿಳೀಲಿ.”

ಅವಳ ಮಗ ದೀಪಕ್ ಬೇಲಿಯ ಹತ್ತಿರ ನಿಂತು ಕೇಳುತ್ತಿದ್ದ. ಮೀನಾಕ್ಷಿ ಬಾಗಿಲಿಗೆ ಬಂದಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

ನಾನು ಹೇಳಿದೆ, “ಹೋದ ವರ್ಷ ಬಂದದ್ದು ಇದಲ್ಲ. ಅದಕ್ಕೆ ಸಂಚಿ ಇರಲಿಲ್ಲ. ನಾನು ಕಣ್ಣಾರೆ ನೋಡಿದ್ದೀನಿ. ತುಟೀಲಿ ಗೀರಿತ್ತು.”

ಹುಚ್ಚಮ್ಮ ನನ್ನನ್ನು ನೋಡಿದಳು. ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಹೋದಳು.

ಹೇಮಾ ಮಾತ್ರ ನನ್ನ ಎರಡೂ ಕೈ ಹಿಡಿದುಕೊಂಡಳು. “ಅಜ್ಜಿ! ಸಾಕೊಲೈಮಸ್ ನೋಡಿದ್ಯಾ? ಇಷ್ಟು ದಿನ ಯಾಕೆ ಹೇಳ್ಲಿಲ್ಲ?” ಅವಳ ಬೆರಳು ಗಾಯದ ಮೇಲೆ ಒತ್ತಿತು. ನಾನು ಕೈ ಬಿಡಿಸಿಕೊಂಡೆ.

ಅಂಗಳದಲ್ಲಿ ಮಾನ ಉಳಿಯಿತು. ಉಳಿದದ್ದಕ್ಕೆ ಸಮಾಧಾನ ಇರಬೇಕಿತ್ತು.

15 ನವೆಂಬರ್, ಶನಿವಾರ

ನಾನು ಆಡಿದ ಒಂದು ಮಾತು ಹಿಡಿದು ಹುಡುಗಿ ತೋಟವೆಲ್ಲ ಅಲೆಯುತ್ತಿದ್ದಾಳೆ. ಸಂಚಿ ಇಲ್ಲದ್ದು ಟೊಳ್ಳು ಮರದಲ್ಲಿ ಇರುತ್ತದೆ ಎಂದು ಸುಳಿ ಹೋದ ತೆಂಗಿನ ಬೊಡ್ಡೆಗಳನ್ನೆಲ್ಲ ಹುಡುಕುತ್ತಿದ್ದಾಳೆ. ಇವತ್ತು ಒಂದನ್ನು ಹತ್ತಿ ಕೈ ಹಾಕಿದ್ದಾಳೆ, ಸಿಪ್ಪೆ ಕಿತ್ತು ಜಾರಿದ್ದಾಳೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ತರಚಿ ರಕ್ತ. ಒಳಗೆ ಏನಿತ್ತು ಎಂದರೆ, “ಹಾವಿನ ಪೊರೆ ಅಜ್ಜಿ, ಹಾವು ಇರ್ಲಿಲ್ಲ” ಎನ್ನುತ್ತಾಳೆ.

“ಸಾಕು ಬಿಡೇ.”

“ಇನ್ನೊಂದೇ ಉಳಿದಿದೆ. ನೀರಿನ ಕಟ್ಟೆ ಹತ್ರ ಸಿಡಿಲು ಬಡಿದದ್ದು. ಅದರ ತುದೀಲಿ ದೊಡ್ಡ ಪೊಟರೆ ಇದೆ. ದೀಪಕ್ ಚಿಕ್ಕಪ್ಪ ಏಣಿ ಹಿಡ್ಕೊಳ್ತೀನಿ ಅಂದಿದಾನೆ.”

ಆ ಮರ ನನಗೆ ಗೊತ್ತು. ಸಿಡಿಲು ಬಡಿದು ತಲೆ ಹೋದದ್ದು. ಒಳಗೆಲ್ಲ ಗೆದ್ದಲು ತಿಂದು ಬರೀ ತೊಗಟೆ ನಿಂತಿದೆ. ಕಡಿಸು ಎಂದು ಚೇತನನಿಗೆ ಎಷ್ಟು ಸಲ ಹೇಳಿದ್ದೇನೆ.

“ಆ ಮರ ಹತ್ತಬೇಡ. ನಾನು ಹೇಳ್ತಿದ್ದೀನಿ.”

“ನೀನೇ ತಾನೆ ನೋಡಿದ್ದು? ನೀನು ನೋಡಿದ್ದು ಎಲ್ಲಿಂದಲೋ ಬಂದಿರಬೇಕಲ್ಲ. ನಿನ್ನ ಮಾತು ಸುಳ್ಳಾಗುತ್ತಾ?”

ಹುಡುಗಿ ಅದನ್ನು ಕುಹಕಕ್ಕೆ ಹೇಳಲಿಲ್ಲ. ನಂಬಿ ಹೇಳಿದಳು.

16 ನವೆಂಬರ್, ಭಾನುವಾರ

ಮಧ್ಯಾಹ್ನ ನೀರು ಇಳಿಯಲಿಲ್ಲ. ಬಾಯಲ್ಲೇ ನಿಂತಿತು, ಗಂಟಲು ಹಿಡಿದುಕೊಂಡಿತು. ಉಗಿದೆ. ಲೋಟ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ಇದು ಆ ಭಯವೋ, ಆ ಭಯದ ಭಯವೋ ಗೊತ್ತಾಗುವುದಿಲ್ಲ. ತಂಬಿಗೆಗೆ ತಟ್ಟೆ ಮುಚ್ಚಿ ಇಟ್ಟಿದ್ದೇನೆ.

ನನಗೆ ಆಗುವುದು ಆಗಲಿ, ವಯಸ್ಸಾಯಿತು ಎಂದು ಬರೆಯಬೇಕೆಂದಿದ್ದೆ. ಬರೆಯಲಾರೆ. ಸಾಯಲು ಹೆದರಿಕೆಯಾಗುತ್ತದೆ. ನಾಯಿಯ ಹಾಗೆ ಕಟ್ಟಿಸಿಕೊಂಡು ಸಾಯಲು ಹೆದರಿಕೆ. ಹುಚ್ಚಮ್ಮನ ಎದುರಿಗೆ ಹಾಗೆ ಸಾಯಲು ಇನ್ನೂ ಹೆದರಿಕೆ.

ನಾಳೆ ಬೆಳಿಗ್ಗೆ ಅವಳು ಆ ಮರ ಹತ್ತುತ್ತಾಳೆ.

17 ನವೆಂಬರ್, ಸೋಮವಾರ

ಬರೆದೇ ಮಲಗಬೇಕು.

ಬೆಳಿಗ್ಗೆ ಎದ್ದು ನೋಡಿದರೆ ಹೇಮಾ ಹಾಸಿಗೆಯಲ್ಲಿ ಇರಲಿಲ್ಲ. ಹಿತ್ತಲಿಗೆ ಬಂದೆ. ಮಾಲೇಕಲ್ಲು ಬೆಟ್ಟದ ಮೇಲೆ ಆಗಷ್ಟೇ ಬೆಳಕು. ಕಟ್ಟೆಯ ಹತ್ತಿರ ಬೊಡ್ಡೆಗೆ ಏಣಿ ಆನಿಸಿದ್ದರು. ಏಣಿಯ ಕೊನೆಯ ಮೆಟ್ಟಿಲಲ್ಲಿ ಹುಡುಗಿ. ಕೆಳಗೆ ದೀಪಕ್, ಪಕ್ಕದಲ್ಲಿ ಹುಚ್ಚಮ್ಮ. ಇಲ್ಲಿಂದಲೇ ಕಾಣಿಸಿತು, ಅವಳು ಕೈ ಎತ್ತಿದಾಗ ಮರವೂ ಅವಳ ಜೊತೆ ಸ್ವಲ್ಪ ವಾಲಿತು.

ಅಟ್ಟ ಹತ್ತಿದ್ದು, ಇಳಿದದ್ದು ನನಗೆ ನೆನಪಿಲ್ಲ. ಜಾಡಿ ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ಹೋದೆ. ಓಡಿ ಎಷ್ಟೋ ವರ್ಷವಾಗಿತ್ತು.

“ಇಳಿಯೇ! ಇಳಿ ಕೆಳಗೆ! ಅಲ್ಲೇನೂ ಇಲ್ಲ!”

“ಅಜ್ಜಿ, ಒಂದ್ನಿಮಿಷ, ಪೊಟರೆ ಸಿಕ್ತು...”

“ಸಂಚಿ ಇಲ್ಲದ್ದನ್ನ ನಾನು ನೋಡೇ ಇಲ್ಲ ಕಣೇ! ಸುಳ್ಳು ಹೇಳಿದೆ. ಇಳಿ!”

ದೀಪಕ್ ಏಣಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ. ಹೇಮಾ ಇಳಿದಳು. ಅವಳು ನೆಲ ಮುಟ್ಟುವವರೆಗೆ ನಾನೂ ಒಂದು ಕೈಯಲ್ಲಿ ಏಣಿ ಹಿಡಿದಿದ್ದೆ. ಆಮೇಲೆ ಜಾಡಿಯನ್ನು ಅವಳ ಕೈಗೆ ಕೊಟ್ಟೆ. “ನಮ್ಮ ಅಟ್ಟದಲ್ಲಿ ಬಿದ್ದಿತ್ತು. ಇದಕ್ಕೂ ಸಂಚಿ ಇದೆ. ನಾನೇ ನೋಡಿದ್ದೀನಿ.”

ಅವಳು ಜಾಡಿ ನೋಡಲಿಲ್ಲ. ನನ್ನ ಹೆಬ್ಬೆರಳು ನೋಡಿದಳು.

“ಅಜ್ಜಿ, ಇದು ಕುಡುಗೋಲಲ್ಲ.”

“ಅಲ್ಲ.”

“ಯಾವಾಗ?”

“ನೀನು ಬರೋಕೆ ಮುಂಚೆ.”

ಅವಳ ಮುಖ ಬಿಳಿಚಿತು. ಆಮೇಲೆ ಬೈದಳು. ನನ್ನನ್ನು ಯಾರೂ ಹಾಗೆ ಬೈದಿಲ್ಲ, ನನ್ನ ಗಂಡನೂ ಬೈದಿಲ್ಲ. ಅಳುತ್ತಾ ಬೈದಳು. ಹುಚ್ಚಮ್ಮ ಎಲ್ಲ ಕೇಳಿಸಿಕೊಂಡು ನಿಂತಿದ್ದಳು. ನಗುತ್ತಾಳೆ ಎಂದುಕೊಂಡೆ. ಅವಳು ಮಗನಿಗೆ, “ನಿಂತ್ಕೊಂಡು ಏನ್ ನೋಡ್ತೀಯಾ, ಚೇತನಂಗೆ ಕಾರು ತೆಗೆಯೋಕೇಳು” ಅಂದಳು.

ಅರಸೀಕೆರೆ ಆಸ್ಪತ್ರೆಯಲ್ಲಿ ಗಾಯದ ಸುತ್ತ ಚುಚ್ಚಿದರು, ತೋಳಿಗೆ ಒಂದು ಹಾಕಿದರು. ಡಾಕ್ಟರು ಚಿಕ್ಕ ವಯಸ್ಸಿನವನು. “ಇಷ್ಟು ದಿನ ಏನ್ಮಾಡ್ತಿದ್ರಿ ಅಮ್ಮ?” ಎಂದ. ತಡವಾದರೂ ಲಕ್ಷಣ ಕಾಣುವ ಮೊದಲು ಹಾಕಿದರೆ ಕೆಲಸ ಮಾಡುತ್ತದಂತೆ. ಗಂಟಲು ಕಟ್ಟಿದ್ದನ್ನು ಹೇಳಿದೆ. ಅವನು ನನ್ನ ಕೈಗೆ ಒಂದು ಲೋಟ ನೀರು ಕೊಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. ಚೇತನ ಗೋಡೆಯ ಕಡೆ ತಿರುಗಿಕೊಂಡ. ಹೇಮಾ ನನ್ನ ಭುಜ ಹಿಡಿದಳು.

ಕುಡಿದೆ. ಅರ್ಧ ಮೈಮೇಲೆ ಚೆಲ್ಲಿತು. ಅರ್ಧ ಇಳಿಯಿತು.

“ಹೆದರಿಕೊಂಡಿದ್ದೀರಿ, ಅಷ್ಟೇ ಅನ್ನಿಸುತ್ತೆ” ಎಂದ. ಅನ್ನಿಸುತ್ತೆ ಎಂದ. ಇನ್ನೂ ನಾಲ್ಕು ಸೂಜಿ ಇದೆ.

20 ನವೆಂಬರ್, ಗುರುವಾರ

ಇನ್ನೊಂದು ಸೂಜಿ ಆಯಿತು. ಆ ಬಾವಲಿಗೆ ರೋಗ ಇತ್ತೋ ಇಲ್ಲವೋ ಎಂದು ನೋಡಲು ಈಗ ಆಗುವುದಿಲ್ಲವಂತೆ, ಉಪ್ಪಿನಲ್ಲಿ ಇಟ್ಟು ಕೆಟ್ಟಿದೆ. ಹಗಲಲ್ಲಿ ಅದು ಹಾಗೆ ನೆಲಕ್ಕೆ ಬಿದ್ದಿದ್ದು ಒಳ್ಳೆಯ ಲಕ್ಷಣವಲ್ಲ ಎಂದು ಹೇಮಾ ಅವಳಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು. ಆದ್ದರಿಂದ ಕಾಯಬೇಕು. ಬೆಳಿಗ್ಗೆ ಎದ್ದ ಕೂಡಲೇ ನೀರು ಕುಡಿದು ನೋಡುತ್ತೇನೆ. ಕುಡಿಯುವವರೆಗೆ ಯಾರ ಜೊತೆಯೂ ಮಾತಾಡುವುದಿಲ್ಲ.

ಅವಳು ಅದನ್ನು ಅಳೆದಳು. ಹೆಣ್ಣಂತೆ. ಹುಚ್ಚಮ್ಮನ ಕಡೆ ಹಿಡಿದದ್ದರ ಪಕ್ಕ ಅದರ ಅಳತೆ ಇಟ್ಟು ತೋರಿಸಿದಳು. ಒಂದೇ ಕುಲ, ಒಂದೇ ಜಾತಿ, ಒಂದೇ ಗೋಡೆಯವು.

ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದೆ, “ನಾಳೆ ಅಟ್ಟದ ಬಾಗಿಲಿಗೆ ಮುಳ್ಳು ಹಾಕಿಸು ಚೇತನ. ನಾನು ಪಂಪಿನ ಮನೆಗೆ ಹೋಗ್ತೀನಿ.”

“ಅಮ್ಮ, ಹೇಮಾ ಹೇಳಿದ್ಳಲ್ಲ, ಅದು ಮನೆ ಬಿಡ್ಸೋ ಬಾವಲೀನೇ ಅಲ್ಲ ಅಂತ.”

“ಅವರನ್ನ ಕಳಿಸಿದ್ದು ಇದಕ್ಕೇ ತಾನೆ?”

“ಅದಕ್ಕೆ ನೀನು ಹೋಗಿ ಅಲ್ಲಿ ಕೂತ್ರೆ ಏನಾಗುತ್ತೆ? ಚಿಕ್ಕಮ್ಮನ ಹತ್ರ ಒಂದು ಮಾತು ಹೇಳಿದ್ರೆ ಮುಗೀತಲ್ಲ.”

ಅವನಿಗೆ ಗೊತ್ತಿಲ್ಲ. ಆ ಮಾತಿಗಿಂತ ಮುಳ್ಳು ಸುಲಭ.

“ಮೈ ಹುಷಾರಿಲ್ಲ, ಸೂಜಿ ನಡೀತಿದೆ” ಎಂದು ಮೀನಾಕ್ಷಿ ಶುರುಮಾಡಿದಳು. ನಾನು ನೋಡಿದೆ. ಎದ್ದು ಸಾರು ತರಲು ಹೋದಳು. ಹೇಮಾ ಮಾತ್ರ, “ನಾನೂ ಬರ್ತೀನಿ ಅಜ್ಜಿ” ಅಂದಳು. ನೀನು ಬರುವ ಮುಂಚೆ ಹೊಕ್ಕದ್ದು, ನಿನಗೆ ಬೇಡ ಅಂದೆ.

ಇವತ್ತು ಗೋಡೆಯಾಚೆ ಕೆಮ್ಮು ಕೇಳಿಸಲಿಲ್ಲ. ಎದ್ದು ಗೋಡೆಗೆ ಕಿವಿ ಇಟ್ಟೆ. ಆಮೇಲೆ ಕೇಳಿಸಿತು.

25 ನವೆಂಬರ್, ಮಂಗಳವಾರ

ಪಂಪಿನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎದ್ದು ನಿಂತರೆ ಶೀಟು ತಲೆಗೆ ತಾಗುತ್ತದೆ. ಮೋಟಾರು ಓಡುವಾಗ ನೆಲವೂ ನಡುಗುತ್ತದೆ, ಎದೆಯೂ ನಡುಗುತ್ತದೆ. ಇಲ್ಲಿ ಐದು ಜನ ಹೇಗೆ ಮಲಗಿದ್ದರೋ.

ನಿನ್ನೆಯದು ಮೂರನೆಯ ಸೂಜಿ. ಸಂಜೆ ಸಣ್ಣ ಜ್ವರ ಬಂತು. ಸೂಜಿಯಿಂದ ಎಂದು ಹೇಮಾ ಹೇಳಿದಳು. ಹೇಳುವಾಗ ನನ್ನ ಕಣ್ಣು ನೋಡಲಿಲ್ಲ.

ಹೊತ್ತು ಇಳಿಯುವ ಮುಂಚೆ ಹುಚ್ಚಮ್ಮ ಬಂದಳು. ಒಂದು ಕೈಯಲ್ಲಿ ತಂಬಿಗೆ, ಕಂಕುಳಲ್ಲಿ ಕೂಸು. ಹೊಸ್ತಿಲಾಚೆಯೇ ನಿಂತಳು.

“ಏನು, ಮೂರು ತಿಂಗಳೂ ಇರೋದೇನಾ?”

“ಇರೋದೇ.”

“ಇರು. ಕಪ್ಪೆಗಳಿಗೂ ಬೇಜಾರಾಗಿತ್ತು, ನಾವು ಹೋದ್ಮೇಲೆ ಮಾತಾಡೋರು ಇಲ್ಲ ಅಂತ.” ಒಳಗೆ ಬಗ್ಗಿ ನೋಡಿದಳು. “ಆ ಮೂಲೇಲಿ ಮಾತ್ರ ಮಲಗ್ಬೇಡ. ಕಟ್ಟೆ ಕಡೆ ಗೋಡೆ ಅದು, ನೀರು ಜಿನುಗ್ತದೆ. ನಮ್ಗೂ ಗೊತ್ತಾಗ್ಲಿಲ್ಲ. ಗಾಳಿ ಬರಲ್ಲ, ಬೆಚ್ಚಗಿರ್ತದೆ ಅಂತ ಕೂಸನ್ನ ಅಲ್ಲೇ ಮಲಗಿಸ್ತಿದ್ವಿ.”

ಕೂಸು ನನ್ನನ್ನೇ ನೋಡುತ್ತಿತ್ತು. ಅದರ ಎದೆಯೊಳಗೆ ಉಸಿರು ಗೊರಗೊರ ಎನ್ನುವುದು ನಾನು ಕೂತಲ್ಲಿಗೇ ಕೇಳಿಸುತ್ತಿತ್ತು.

ಹೇಳಿದೆ. “ಹುಚ್ಚಮ್ಮ, ನಿಮ್ಮನೆಗೆ ಬಂದಿದ್ದೂ ಮನೆ ಬಿಡ್ಸೋ ಬಾವಲಿ ಅಲ್ಲ. ಇದೇ. ಸಂಚಿದು.”

“ಗೊತ್ತಿತ್ತು.”

“ಯಾವಾಗ ಗೊತ್ತಾಯ್ತು?”

“ಅವತ್ತೇ. ಮೊರ ಮುಚ್ಚಿ ಹಿಡ್ದು ಹೊರಗ್ ಬಿಟ್ಟಿದ್ದು ನಾನೇ ತಾನೆ? ದೊಡ್ಡ ಬಾವಲಿ ಮೂತಿ ನಾಯಿ ಮೂತಿ ಇದ್ದಂಗಿರ್ತದೆ. ಇದ್ರದ್ದು ಹಂಗಿರ್ಲಿಲ್ಲ. ನೀನು ಒಳಗ್ ಬಂದೂ ನೋಡ್ಲಿಲ್ಲ, ಅಂಗಳದಲ್ಲೇ ನಿಂತ್ಕೊಂಡು ಹೇಳ್ದೆ.”

“ಗೊತ್ತಿದ್ದೂ ಯಾಕೆ ಹೋದ್ಯೇ?”

ಅವಳು ತಂಬಿಗೆಯನ್ನು ಹೊಸ್ತಿಲ ಮೇಲೆ ಇಟ್ಟಳು.

“ನೀನು ಹೇಳಿದ್ಯಲ್ಲಕ್ಕ.”

ಹೋದಳು. ಕೂಸು ಕೆಮ್ಮುವುದು ತೋಟದ ಆ ತುದಿಯವರೆಗೂ ಕೇಳಿಸಿತು.

ತಂಬಿಗೆಯ ನೀರು ಕುಡಿದೆ. ಇಳಿಯಿತು.

ಮುಂದಿನ ಸೂಜಿಗೆ ಕಾರಿನಲ್ಲಿ ಅರಸೀಕೆರೆಗೆ ಹೋಗುವಾಗ ಕೂಸನ್ನೂ ಅದರ ತಾಯಿಯನ್ನೂ ಕರೆದುಕೊಂಡು ಹೋಗಬೇಕು, ಅದರ ಎದೆ ತೋರಿಸಬೇಕು. ಚೇತನ ಬಂದ ಕೂಡಲೇ ಹೇಳಬೇಕು. ಮರೆಯದಿರಲಿ ಎಂದು ಬರೆದಿಟ್ಟಿದ್ದೇನೆ, ಒಂದು ಪಕ್ಷ ನನಗೆ ಹೇಳಲಾಗದಿದ್ದರೆ.

ಆ ಮೂಲೆಯ ಗೋಡೆ ಮುಟ್ಟಿ ನೋಡಿದೆ. ಅಂಗೈ ಒದ್ದೆಯಾಯಿತು. ಚಾಪೆಯನ್ನು ಅಲ್ಲಿಗೇ ಎಳೆದುಕೊಂಡೆ.